ಮಧ್ಯಾಹ್ನ 12ರ ಆಟಕ್ಕೆ ಶುಕ್ರವಾರವೇ ಅಡುಗೆ: ಆನ್ ಆರ್ಬರ್ ಟೈಲ್‌ಗೇಟ್ ತಯಾರಿ

ಆನ್ ಆರ್ಬರ್ ಊರಿನ ಮಿಶಿಗನ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಆಟ ಬಹಳ ಸಲ ಶನಿವಾರ ಮಧ್ಯಾಹ್ನ 12ಕ್ಕೆ ಶುರುವಾಗುತ್ತದೆ. ಆಟಕ್ಕೆ ಮುಂಚೆ ಪಾರ್ಕಿಂಗ್ ಲಾಟ್‌ನಲ್ಲಿ ಡಿಕ್ಕಿ ತೆಗೆದು, ಕುರ್ಚಿ ಹಾಕಿ, ತಿಂದು ಹರಟುವ ಟೈಲ್‌ಗೇಟ್ ಕೂಟ ಹಾಗಾಗಿ ಬೆಳಿಗ್ಗೆ ಎಂಟೂವರೆಗೆ ಶುರುವಾಗಿ ಹನ್ನೊಂದೂಕಾಲಿಗೆ ಮುಗಿಯಬೇಕು. ಸ್ಟೇಡಿಯಂನಲ್ಲಿ 1,07,601 ಸೀಟುಗಳಿವೆ. ಅಷ್ಟೂ ಜನ ಒಂದೇ ಹೊತ್ತಿಗೆ ಗೇಟಿನ ಕಡೆ ನಡೆಯುತ್ತಾರೆ. ಹನ್ನೊಂದೂವರೆಗೆ ಪಾತ್ರೆ ತೊಳೆಯುತ್ತಾ ನಿಂತರೆ ಮೊದಲ ಕಾಲು ಭಾಗದ ಆಟ ಹೋದ ಹಾಗೆ.

ಈ ಸಲ ನಮ್ಮ ಗುಂಪು ಇಪ್ಪತ್ತು ಜನ. ಅರ್ಧ ನೋವೈ, ಕ್ಯಾಂಟನ್ ಕಡೆಯ ಕನ್ನಡದವರು, ಅರ್ಧ ಆಫೀಸಿನವರು. ಎಂಟು ಜನ ಸಸ್ಯಾಹಾರಿಗಳು, ಅವರಲ್ಲಿ ಮೂವರು ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಡುಗೆ ನನ್ನ ಪಾಲಿಗೆ ಬಂತು. ನಾನು ಮೊದಲೇ ಒಂದು ನಿಯಮ ಹಾಕಿಕೊಂಡೆ: ಲಾಟ್‌ನಲ್ಲಿ ಅಡುಗೆ ಇಲ್ಲ. ಅಲ್ಲಿ ಬಿಸಿ ಮಾಡುವುದು, ಸುಡುವುದು, ಬಡಿಸುವುದು ಅಷ್ಟೇ. ಹೆಚ್ಚುವುದು, ಬೇಯಿಸುವುದು, ಕಲಸುವುದು ಎಲ್ಲ ಶುಕ್ರವಾರ ರಾತ್ರಿಯೊಳಗೆ ಮನೆಯಲ್ಲೇ ಮುಗಿಯಬೇಕು.

ಮೆನು

ಎಲ್ಲರೂ ನಿಂತೇ ತಿನ್ನುತ್ತಾರೆ. ಒಂದು ಕೈಯಲ್ಲಿ ಕಾಫಿ ಲೋಟ ಇರುತ್ತದೆ. ಆದ್ದರಿಂದ ಉಳಿದ ಒಂದು ಕೈಯಲ್ಲಿ ತಿನ್ನಲು ಆಗುವ ಪದಾರ್ಥವೇ ಬೇಕು. ಇಡ್ಲಿ-ಸಾಂಬಾರ್ ಅಲ್ಲೇ ಬಿದ್ದುಹೋಯಿತು. ಪೇಪರ್ ತಟ್ಟೆಯಲ್ಲಿ ಸಾಂಬಾರ್ ಹಾಕಿಕೊಂಡು ಗಾಳಿಯಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ. ಉಪ್ಪಿಟ್ಟು ಆರಿದರೆ ಗಟ್ಟಿಯಾಗುತ್ತದೆ.

ಪುಳಿಯೋಗರೆ ಮಾಡಿ ಅಂತ ಊರಿಂದ ಬಂದಿರುವ ಅತ್ತೆ ಹಠ ಹಿಡಿದರು. "ರೈಲಲ್ಲಿ ಎರಡು ದಿನ ಇಟ್ಟುಕೊಂಡು ತಿಂದಿದ್ದೀವಿ ಅಳಿಯಂದ್ರೇ, ಏನೂ ಆಗಿಲ್ಲ" ಅಂದರು. ಗೊಜ್ಜು ಕೆಡುವುದಿಲ್ಲ, ಅದು ಸರಿ. ಆದರೆ ಅನ್ನದ ಕಥೆ ಬೇರೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅವು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರು ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಚಿಗುರಿ ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಇಪ್ಪತ್ತು ಜನರ ಹೊಟ್ಟೆಯ ಮೇಲೆ ಪ್ರಯೋಗ ಮಾಡುವ ಧೈರ್ಯ ನನಗಿಲ್ಲ. ಅತ್ತೆ ಸ್ವಲ್ಪ ಮುನಿಸಿಕೊಂಡರು. ಆಮೇಲೆ ಕೋಡುಬಳೆ, ನಿಪ್ಪಟ್ಟಿನ ಜವಾಬ್ದಾರಿಯನ್ನು ತಾವೇ ತೆಗೆದುಕೊಂಡರು.

ಕೊನೆಗೆ ಗಟ್ಟಿಯಾದ ಪಟ್ಟಿ ಇದು: ರಾಜ್ಮಾ ಚಿಲಿ (ಕಾಳು, ಟೊಮೆಟೊ ಹಾಕಿದ ಗಟ್ಟಿ ಸಾರು), ಆಲೂ ಪಲ್ಯದ ರೋಲ್, ಮೊಟ್ಟೆ ಬುರ್ಜಿ ರೋಲ್, ಹಸಿರು ಮಸಾಲೆ ಚಿಕನ್, ಸುಟ್ಟ ಜೋಳ, ಕೋಸಂಬರಿ, ಫಿಲ್ಟರ್ ಕಾಫಿ. ಆಟ ಮುಗಿದ ಮೇಲೆ ತಿನ್ನಲು ಮೊಸರನ್ನ. ಬರ್ಗರ್, ಜರ್ಮನ್ ಸಾಸೇಜ್ ಆದ ಬ್ರಾಟ್‌ವರ್ಸ್ಟ್ ಮಾಡುವವರು ಅಕ್ಕಪಕ್ಕದ ಸಾಲುಗಳಲ್ಲಿ ಬೇಕಾದಷ್ಟು ಜನ ಇರುತ್ತಾರೆ. ನಾವೂ ಅದನ್ನೇ ಯಾಕೆ ಮಾಡಬೇಕು, ಅಲ್ವಾ?

ಪೆಟ್ಟಿಗೆಯ ರಿಪೇರಿ

ಅಡುಗೆಗಿಂತ ಮುಂಚೆ ಪೆಟ್ಟಿಗೆ. ಗ್ಯಾರೇಜಿನಲ್ಲಿ ಹಳೆಯ 48 ಕ್ವಾರ್ಟ್ ಕೂಲರ್ ಇತ್ತು, ಸುಮಾರು 45 ಲೀಟರಿನದು. ಕೂಲರ್ ಅಂದರೆ ಜನರ ತಲೆಗೆ ಐಸ್ ಮಾತ್ರ ಬರುತ್ತದೆ. ಆದರೆ ತಂಪು ಹೊರಗೆ ಹೋಗದ ಹಾಗೆ ಹಿಡಿಯುವ ಗೋಡೆಯೇ ಬಿಸಿಯನ್ನೂ ಹಿಡಿಯುತ್ತದೆ. ಚಿಲಿ ಪಾತ್ರೆ, ರೋಲ್‌ಗಳು ಇದರಲ್ಲೇ ಹೋಗಬೇಕು ಅನ್ನುವುದು ಪ್ಲಾನ್.

ಮೂರು ತೊಂದರೆ ಇದ್ದವು. ನೀರು ಬಿಡುವ ಪ್ಲಗ್ ಸೋರುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟಿತ್ತು. ಹಾರ್ಡ್‌ವೇರ್ ಅಂಗಡಿಗೆ ಪ್ಲಗ್ ಸಮೇತ ತೆಗೆದುಕೊಂಡು ಹೋಗಿ, ಅಳತೆಗೆ ಸರಿಹೋಗುವ ವಾಷರ್ ತಂದು ಹಾಕಿದೆ. ಪ್ಲಾಸ್ಟಿಕ್ ಹಿಂಜ್ ಒಂದು ಮುರಿದಿತ್ತು. ಎರಡನ್ನೂ ತೆಗೆದು ಸ್ಟೀಲ್ ಹಿಂಜ್ ಹಾಕಿದೆ. ಒಂದನ್ನೇ ಬದಲಿಸಿದರೆ ಮುಚ್ಚಳ ಒಂದು ಕಡೆಗೆ ವಾಲುತ್ತದೆ.

ಮುಖ್ಯ ಕೆಲಸ ಮುಚ್ಚಳದ್ದು. ಕಡಿಮೆ ಬೆಲೆಯ ಕೂಲರ್‌ಗಳಲ್ಲಿ ಗೋಡೆಯೊಳಗೆ ಫೋಮ್ ತುಂಬಿರುತ್ತಾರೆ, ಮುಚ್ಚಳ ಮಾತ್ರ ಎಷ್ಟೋ ಸಲ ಟೊಳ್ಳು. ಬೆರಳಿನಿಂದ ತಟ್ಟಿದರೆ ಶಬ್ದದಲ್ಲೇ ಗೊತ್ತಾಗುತ್ತದೆ. ಬಿಸಿ ಗಾಳಿ ಮೇಲಕ್ಕೇ ಏರುವುದರಿಂದ ಬಿಸಿ ಪೆಟ್ಟಿಗೆಗೆ ಈ ಟೊಳ್ಳು ಮುಚ್ಚಳವೇ ದೊಡ್ಡ ಶತ್ರು. ಮುಚ್ಚಳದ ಒಳಮೈಯಲ್ಲಿ ಅಲ್ಲಲ್ಲಿ ಸಣ್ಣ ತೂತು ಕೊರೆದು, ಸ್ಪ್ರೇ ಫೋಮ್ ಡಬ್ಬಿಯ ನಳಿಕೆ ತೂರಿಸಿ ತುಂಬಿಸಿದೆ. ಫೋಮ್ ಆರಿಸುವಾಗ ಹುಷಾರು. ಕಿಟಕಿ-ಬಾಗಿಲ ಸಂದಿಗೆ ಬಳಸುವ, ಕಡಿಮೆ ಉಬ್ಬುವ ಜಾತಿಯದನ್ನೇ ತನ್ನಿ. ಜಾಸ್ತಿ ಉಬ್ಬುವುದು ಹಾಕಿದರೆ ಮುಚ್ಚಳವೇ ಡೊಳ್ಳು ಹೊಟ್ಟೆಯ ಹಾಗಾಗಿ ಮುಚ್ಚಿಕೊಳ್ಳುವುದಿಲ್ಲ. ಪೂರ್ತಿ ತುಂಬಬಾರದು, ಉಬ್ಬಲು ಜಾಗ ಬಿಡಬೇಕು. ಕೈಗವಸು ಹಾಕಿಕೊಳ್ಳಿ, ಅಂಟಿದರೆ ಚರ್ಮದಿಂದ ಬಿಡುವುದಿಲ್ಲ. ರಾತ್ರಿಯೆಲ್ಲ ಗಟ್ಟಿಯಾಗಲು ಬಿಟ್ಟು, ತೂತಿನಿಂದ ಹೊರಗೆ ಬಂದದ್ದನ್ನು ಬ್ಲೇಡಿನಲ್ಲಿ ಕತ್ತರಿಸಿ, ಮೇಲೆ ಅಲ್ಯೂಮಿನಿಯಂ ಟೇಪ್ ಅಂಟಿಸಿದೆ. ಮುಚ್ಚಳದ ಅಂಚಿಗೆ ಬಾಗಿಲ ಸಂದಿಗೆ ಹಾಕುವ ಅಂಟು ಫೋಮ್ ಪಟ್ಟಿ ಸುತ್ತಿದೆ. ಈಗ ಮುಚ್ಚುವಾಗ ಸ್ವಲ್ಪ ಒತ್ತಬೇಕು. ಅದೇ ಬೇಕಾಗಿದ್ದದ್ದು.

ಆಮೇಲೆ ಪರೀಕ್ಷೆ. ಚಿಲಿಗೆ ಬಳಸುವ ಪಾತ್ರೆಯಲ್ಲೇ ಕುದಿಯುವ ನೀರು ತುಂಬಿ, ಟವೆಲ್ ಸುತ್ತಿ ಒಳಗಿಟ್ಟೆ. ವೈರ್ ಇರುವ ಥರ್ಮಾಮೀಟರಿನ ಕಡ್ಡಿ ನೀರಿನಲ್ಲಿ, ಮೀಟರ್ ಹೊರಗೆ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಲ್ಲಿ 40ರಿಂದ 140 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 4ರಿಂದ 60 ಸೆಲ್ಸಿಯಸ್, ಅಪಾಯದ ಪಟ್ಟಿ. ಅದರೊಳಗೆ ಊಟ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹೊರಗೆ 90 ಫ್ಯಾರನ್‌ಹೀಟ್ ದಾಟುವ ಸೆಖೆ ಇದ್ದರೆ ಒಂದೇ ಗಂಟೆ. ನನ್ನ ಪೆಟ್ಟಿಗೆಯಲ್ಲಿ ನಾಲ್ಕು ಗಂಟೆಯ ನಂತರವೂ ನೀರು 160ರ ಮೇಲಿತ್ತು. ನನಗೆ ಬೇಕಾದದ್ದು ಎರಡು ಗಂಟೆ ಅಷ್ಟೇ.

ಗುರುವಾರ ರಾತ್ರಿ: ಚಿಲಿ

ಹುಳಿ ಮರುದಿನ ಹೆಚ್ಚು ರುಚಿ ಅನ್ನುವುದು ಚಿಲಿಗೂ ಒಪ್ಪುತ್ತದೆ. ಅದಕ್ಕೇ ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಿದೆ. ಕಾಳು ಬುಧವಾರ ರಾತ್ರಿಯೇ ನೆನೆಹಾಕಿದ್ದೆ: ರಾಜ್ಮಾ 700 ಗ್ರಾಂ, ಕಪ್ಪು ಬೀನ್ಸ್ 300 ಗ್ರಾಂ. ಬೆಂದ ಮೇಲೆ ಎರಡೂ ಸೇರಿ ಎರಡೂವರೆ ಕಿಲೋ ಹತ್ತಿರ ಆಗುತ್ತದೆ. ಈರುಳ್ಳಿ ಒಂದು ಕಿಲೋ, 28 ಔನ್ಸಿನ ಟೊಮೆಟೊ ಡಬ್ಬಿ ಎರಡು, ದಪ್ಪ ಮೆಣಸಿನಕಾಯಿ ನಾಲ್ಕು, ಬೆಳ್ಳುಳ್ಳಿ ಎರಡು ಗಡ್ಡೆ. ಇಷ್ಟಕ್ಕೆ ಐದೂವರೆ ಲೀಟರಿನಷ್ಟು ಚಿಲಿ. ತಲಾ ಒಂದು ಲೋಟ ಬಂದು, ಕೇಳಿದವರಿಗೆ ಇನ್ನೊಂದು ಸೌಟು ಮಿಗುತ್ತದೆ.

ಇಲ್ಲಿ ಬಹಳ ಜನ ಚಿಲಿಯನ್ನು ಸ್ಲೋ ಕುಕ್ಕರಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಇಡುತ್ತಾರೆ. ಡಬ್ಬಿಯ ರಾಜ್ಮಾ ಆದರೆ ತೊಂದರೆಯಿಲ್ಲ, ಅದು ಆಗಲೇ ಬೆಂದಿರುತ್ತದೆ. ಹಸಿ ರಾಜ್ಮಾವನ್ನು ಹಾಗೆ ಇಡಬೇಡಿ. ಅದರಲ್ಲಿ ಲೆಕ್ಟಿನ್ ಜಾತಿಯ ವಿಷ ಇರುತ್ತದೆ. ಚೆನ್ನಾಗಿ ಕುದಿದರೆ ಮಾತ್ರ ಹೋಗುತ್ತದೆ. ಸ್ಲೋ ಕುಕ್ಕರಿನ ಮಂದ ಬಿಸಿಗೆ ಅದು ಸಾಯದೆ, ವಾಂತಿ-ಹೊಟ್ಟೆನೋವು ತರಿಸುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಪ್ರೆಷರ್ ಕುಕ್ಕರಿಗೆ ಹಾಕಿದರೆ ಚಿಂತೆಯಿಲ್ಲ. ನಮ್ಮ ಮನೆಗಳಲ್ಲಿ ಕುಕ್ಕರ್ ಇದ್ದೇ ಇರುತ್ತದೆ, ಸುಮ್ನೆ ಅದನ್ನೇ ಕೂಗಿಸಿ.

ಮಸಾಲೆಗೆ ಬ್ಯಾಡಗಿ ಮೆಣಸಿನಪುಡಿ ನಾಲ್ಕು ದೊಡ್ಡ ಚಮಚ. ಬಣ್ಣ ಚೆನ್ನಾಗಿ ಬರುತ್ತದೆ, ಖಾರ ಎಲ್ಲರೂ ತಾಳುವಷ್ಟೇ ಇರುತ್ತದೆ. ಹುರಿದು ಪುಡಿ ಮಾಡಿದ ಜೀರಿಗೆ ಎರಡು ಚಮಚ, ಧನಿಯಾ ಒಂದು, ಒಣ ಓರೆಗಾನೊ ಒಂದು. ಟೊಮೆಟೊ ಹುಳಿ ಮುರಿಯಲು ನಿಂಬೆ ಗಾತ್ರದ ಬೆಲ್ಲ. ಈರುಳ್ಳಿಯನ್ನು ಕಂದು ಬಣ್ಣ ಬರುವವರೆಗೆ ಹುರಿಯುವುದರಲ್ಲಿ ಅವಸರ ಮಾಡಬೇಡಿ, ರುಚಿಯ ಅರ್ಧ ಅಲ್ಲೇ ಇದೆ. ಗಟ್ಟಿಯಾಗಲು ಒಂದೆರಡು ಸೌಟು ಬೆಂದ ಕಾಳನ್ನು ಮಸೆದು ಹಾಕಿದೆ. ಹಿಟ್ಟು ಬೇಡ. ಹಿಟ್ಟು ಹಾಕಿದ್ದು ಮರುದಿನ ಬಿಸಿ ಮಾಡುವಾಗ ತಳ ಹಿಡಿಯುತ್ತದೆ.

ಮಾಡಿದ್ದಕ್ಕಿಂತ ಆರಿಸುವುದೇ ದೊಡ್ಡ ಕೆಲಸ. ಐದು ಲೀಟರ್ ಬಿಸಿ ಚಿಲಿಯನ್ನು ಪಾತ್ರೆ ಸಮೇತ ಫ್ರಿಡ್ಜಿಗೆ ತಳ್ಳಿದರೆ ನಡುಭಾಗ ಬೆಳಗಿನವರೆಗೂ ಬೆಚ್ಚಗೇ ಇರುತ್ತದೆ, ಜೊತೆಗೆ ಫ್ರಿಡ್ಜಿನಲ್ಲಿದ್ದ ಹಾಲೂ ಬಿಸಿಯಾಗುತ್ತದೆ. ಇಲ್ಲಿನ ಹೋಟೆಲ್ ಅಡುಗೆಮನೆಗಳ ನಿಯಮ ಹೀಗಿದೆ: ಎರಡು ಗಂಟೆಯಲ್ಲಿ 135ರಿಂದ 70 ಫ್ಯಾರನ್‌ಹೀಟ್‌ಗೆ, ಆಮೇಲಿನ ನಾಲ್ಕು ಗಂಟೆಯಲ್ಲಿ 41ಕ್ಕೆ ಇಳಿಯಬೇಕು. ಎರಡು ಇಂಚು ಆಳದ ಟ್ರೇಗಳಿಗೆ ಸುರಿದು, ಸಿಂಕಿನಲ್ಲಿ ಐಸ್ ನೀರು ತುಂಬಿ, ಅದರ ಮೇಲೆ ಟ್ರೇ ಇಟ್ಟು ಆಗಾಗ ಕೈಯಾಡಿಸಿದೆ. ಬೇಗನೇ ಇಳಿಯಿತು. ಆಮೇಲೆ ಫ್ರಿಡ್ಜು.

ಶುಕ್ರವಾರ: ರೋಲ್, ಚಿಕನ್, ಉಳಿದದ್ದು

ರೋಲ್ ಇಪ್ಪತ್ನಾಲ್ಕು. ಆಲೂ ಹನ್ನೆರಡು, ಮೊಟ್ಟೆ ಹನ್ನೆರಡು. ಚಪಾತಿ ಮಾಡುವ ಮನಸ್ಸಿತ್ತು, ಕೈಬಿಟ್ಟೆ. ಮನೆಯ ಚಪಾತಿ ರಾತ್ರಿ ಫ್ರಿಡ್ಜಿನಲ್ಲಿದ್ದು ಬೆಳಿಗ್ಗೆ ಓವನ್ ಕಂಡರೆ ಅಂಚು ಒಣಗಿ ಬಿರಿಯುತ್ತದೆ. ಎಂಟು ಇಂಚಿನ ಮೈದಾ ಟೋರ್ಟಿಯಾ (ಅಂಗಡಿಯಲ್ಲಿ ಸಿಗುವ ತೆಳು ಮೆಕ್ಸಿಕನ್ ರೊಟ್ಟಿ) ಮಡಚಿದ ಹಾಗೇ ಇರುತ್ತದೆ. ಅತ್ತೆಗೆ ಇದೂ ಹಿಡಿಸಲಿಲ್ಲ. ಬೆಳಿಗ್ಗೆ ಒಂದನ್ನು ಅವರೇ ತಿಂದು ನೋಡಿ ಸುಮ್ಮನಾದರು.

ಆಲೂಗಡ್ಡೆ ಎರಡು ಕಿಲೋ, ದೋಸೆ ಪಲ್ಯದ ಹಾಗೆಯೇ ಒಗ್ಗರಣೆ, ಆದರೆ ನೀರು ಚಿಮುಕಿಸಲಿಲ್ಲ. ಪಲ್ಯ ಒಣಗಿದ ಹಾಗಿರಬೇಕು. ಬುರ್ಜಿಗೆ ಮೊಟ್ಟೆ ಹದಿನೆಂಟು. ಟೊಮೆಟೊ ಹಾಕಲಿಲ್ಲ, ಅದು ನೀರು ಬಿಡುತ್ತದೆ. ಎರಡನ್ನೂ ತಟ್ಟೆಗಳ ಮೇಲೆ ಹರಡಿ ಆರಿಸಿಯೇ ಸುತ್ತಿದೆ. ಬಿಸಿ ಇರುವಾಗ ಸುತ್ತಿದರೆ ಹಬೆ ನೀರಾಗಿ ಟೋರ್ಟಿಯಾ ಮೆತ್ತಗಾಗುತ್ತದೆ. ಮೊದಲು ಬೇಕಿಂಗ್ ಪೇಪರ್, ಮೇಲೆ ಫಾಯಿಲ್. ಬರೀ ಫಾಯಿಲ್ ಸುತ್ತಿದರೆ ಕೆಳಗಡೆ ಅಂಟುತ್ತದೆ. ಮೇಲೆ ಮಾರ್ಕರಿನಲ್ಲಿ "ಆ", "ಮೊ" ಅಂತ ಬರೆದೆ. ಆಫೀಸಿನವರಿಗೆ ಅಕ್ಷರ ಗೊತ್ತಿಲ್ಲದಿದ್ದರೂ ಆಕಾರ ಗೊತ್ತಾಗುತ್ತದೆ. ಮೊಟ್ಟೆ ತಿನ್ನದವರ ವಿಷಯದಲ್ಲಿ ಗೊಂದಲ ಆಗಬಾರದಲ್ಲ.

ಚಿಕನ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಹಸಿ ಮಾಂಸ ಲಾಟ್‌ಗೆ ಬರಬಾರದು. ಅಲ್ಲಿ ನಲ್ಲಿ ಇಲ್ಲ, ಸೋಪು ಹಾಕಿ ಕೈ ತೊಳೆಯುವುದು ಕಷ್ಟ, ಹಸಿ ಮಾಂಸ ಹಿಡಿದ ಇಕ್ಕಳದಲ್ಲೇ ಬೆಂದದ್ದನ್ನೂ ಎತ್ತುತ್ತಾರೆ. ಮೂಳೆಯಿಲ್ಲದ ತೊಡೆ ಭಾಗ ಎರಡು ಕಿಲೋ ತಂದೆ. ಎದೆ ಭಾಗ ಎರಡನೇ ಸಲ ಬಿಸಿಯಾದರೆ ನಾರಾಗುತ್ತದೆ, ತೊಡೆ ಹಾಗಲ್ಲ. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು ರುಬ್ಬಿ, ಗಟ್ಟಿ ಮೊಸರಿಗೆ ಕಲಸಿ ಗುರುವಾರವೇ ನೆನೆಸಿಟ್ಟಿದ್ದೆ. ಶುಕ್ರವಾರ ಸಂಜೆ 425 ಫ್ಯಾರನ್‌ಹೀಟ್ ಓವನ್ನಿನಲ್ಲಿ ಬೇಯಿಸಿ, ಒಳಗೆ 165 (74 ಸೆಲ್ಸಿಯಸ್) ತಲುಪಿದ್ದನ್ನು ಥರ್ಮಾಮೀಟರಿನಲ್ಲಿ ನೋಡಿ ತೆಗೆದೆ. ಆರಿಸಿ, ಜಿಪ್ ಚೀಲಕ್ಕೆ ಹಾಕಿ ಫ್ರಿಡ್ಜಿಗೆ. ಶನಿವಾರ ಗ್ರಿಲ್ ಮೇಲೆ ಬೇಕಾದದ್ದು ಹೊಗೆಯ ವಾಸನೆ, ಅಲ್ಲಲ್ಲಿ ಕಪ್ಪು, ಮತ್ತೆ ಚೆನ್ನಾಗಿ ಬಿಸಿ, ಅಷ್ಟೇ.

ಕೋಸಂಬರಿ ಸುಲಭ. ಹೆಸರುಬೇಳೆ ನೆನೆಸಿ ಬಸಿದು ಒಂದು ಡಬ್ಬಿ, ತುರಿದ ಕ್ಯಾರೆಟ್ ಒಂದು ಡಬ್ಬಿ, ಸೌತೆಕಾಯಿ ಇನ್ನೊಂದು. ಒಗ್ಗರಣೆ ಸಣ್ಣ ಬಾಟಲಿಯಲ್ಲಿ. ಉಪ್ಪು, ನಿಂಬೆ ಲಾಟ್‌ನಲ್ಲೇ. ಮನೆಯಲ್ಲೇ ಉಪ್ಪು ಹಾಕಿದರೆ ಬೆಳಿಗ್ಗೆ ಸೌತೆಕಾಯಿ ನೀರಲ್ಲಿ ಈಜುತ್ತಿರುತ್ತದೆ. ತೆಂಗಿನತುರಿ ಹಾಕಲಿಲ್ಲ, ಬಿಸಿಲಿಗೆ ಮೊದಲು ಹಳಸುವುದೇ ಅದು.

ಮೊಸರನ್ನಕ್ಕೆ ಅಕ್ಕಿ ಮೂರು ಲೋಟ. ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಹಾಲು ಹಾಕಿ ಮಸೆದು, ತಟ್ಟೆಗಳಲ್ಲಿ ಹರಡಿ ಬೇಗ ಆರಿಸಿ, ಸ್ವಲ್ಪವೇ ಮೊಸರು ಕಲಸಿ ತಕ್ಷಣ ಫ್ರಿಡ್ಜಿಗೆ. ಪ್ರಯಾಣಕ್ಕೆ ನಮ್ಮ ಮನೆಗಳಲ್ಲಿ ಮಾಡುವ ರೀತಿಯೇ. ಹಾಲು ಜಾಸ್ತಿ, ಮೊಸರು ಕಡಿಮೆ ಇದ್ದರೆ ಮರುದಿನವೂ ಹುಳಿ ಏರಿರುವುದಿಲ್ಲ. ಅನ್ನ ಬೇಡ ಅಂದವನು ಇದನ್ನು ಹೇಗೆ ಮಾಡಿದ ಅಂತ ಅತ್ತೆ ಕೇಳಿದರು. ಇದು ಕೊನೆಯವರೆಗೂ ಐಸಿನ ಮಧ್ಯೆ ಇರುತ್ತದೆ, ವ್ಯತ್ಯಾಸ ಅಷ್ಟೇ.

ಕಾಫಿ ಡಿಕಾಕ್ಷನ್ ದೊಡ್ಡ ಫಿಲ್ಟರಿನಲ್ಲಿ ರಾತ್ರಿಯೇ ಇಳಿಸಿ ಬಾಟಲಿಗೆ. ಮಲಗುವ ಮುಂಚೆ ಕುಡಿಯುವ ನೀರಿನ ಬಾಟಲಿಗಳನ್ನು ಫ್ರೀಜರಿಗೆ ಹಾಕಿದೆ. ಅವೇ ನಮ್ಮ ಐಸ್. ಕರಗಿದ ಮೇಲೆ ಕುಡಿಯಬಹುದು, ಪೆಟ್ಟಿಗೆಯ ತಳದಲ್ಲಿ ನೀರು ನಿಂತು ಡಬ್ಬಿಗಳು ತೇಲುವ ಕಾಟವೂ ಇಲ್ಲ.

ಶನಿವಾರ ಬೆಳಿಗ್ಗೆ: ತುಂಬುವ ಕ್ರಮ

ಆರೂವರೆಗೆ ಚಿಲಿ ಒಲೆಯ ಮೇಲೆ, ಮಂದ ಉರಿಯಲ್ಲಿ. ತಳ ಕೆದಕುತ್ತಾ ಪೂರ್ತಿ ಕುದಿ ಬರಿಸಬೇಕು. ರೋಲ್‌ಗಳು ಫಾಯಿಲ್ ಸಮೇತ 350 ಫ್ಯಾರನ್‌ಹೀಟ್ ಓವನ್ನಿನಲ್ಲಿ ಸುಮಾರು ಅರ್ಧ ಗಂಟೆ. ನಡುವಿನದೊಂದಕ್ಕೆ ಥರ್ಮಾಮೀಟರ್ ಚುಚ್ಚಿ 165 ನೋಡಿಕೊಂಡೆ.

ಅಷ್ಟರಲ್ಲಿ ಬಿಸಿ ಪೆಟ್ಟಿಗೆಗೆ ನಲ್ಲಿಯ ಬಿಸಿನೀರು, ಜೊತೆಗೆ ಕೆಟಲಿನಲ್ಲಿ ಕಾಯಿಸಿದ ನೀರು ಸೇರಿಸಿ ಮುಚ್ಚಿಟ್ಟಿದ್ದೆ. ಬರೀ ಕುದಿಯುವ ನೀರು ಸುರಿಯಬೇಡಿ, ಒಳಗಿನ ಪ್ಲಾಸ್ಟಿಕ್ ಸೊಟ್ಟಗಾಗಬಹುದು. ತಣ್ಣನೆಯ ಪೆಟ್ಟಿಗೆಗೆ ಬಿಸಿ ಪಾತ್ರೆ ಇಟ್ಟರೆ ಗೋಡೆಯೇ ಮೊದಲು ಬಿಸಿ ಕುಡಿಯುತ್ತದೆ. ನೀರು ಚೆಲ್ಲಿ ಒರೆಸಿ, ತಳಕ್ಕೆ ಟವೆಲ್, ಅದರ ಮೇಲೆ ಚಿಲಿ ಪಾತ್ರೆ. ಪಾತ್ರೆಯ ಬಾಯಿಗೆ ಎರಡು ಪದರ ಫಾಯಿಲ್, ಮೇಲೆ ಮುಚ್ಚಳ, ಮುಚ್ಚಳಕ್ಕೆ ಅಡ್ಡಡ್ಡ ಟೇಪು. ಲಾಟ್ ತಿರುವಿನಲ್ಲಿ ಬ್ರೇಕ್ ಹಾಕಿದಾಗ ಇದರ ಬೆಲೆ ಗೊತ್ತಾಗುತ್ತದೆ. ಪಕ್ಕದಲ್ಲಿ, ಮೇಲೆ ರೋಲ್‌ಗಳು. ಖಾಲಿ ಉಳಿದ ಕಡೆಯೆಲ್ಲ ಹಳೆ ಟವೆಲ್ ತುರುಕಿದೆ.

ತಂಪಿಗೆ ಎರಡು ಪೆಟ್ಟಿಗೆ. ಒಂದು ಊಟದ್ದು, ಇನ್ನೊಂದು ಕುಡಿಯುವುದರದ್ದು. ಜ್ಯೂಸ್, ಸೋಡಾ ಇರುವ ಪೆಟ್ಟಿಗೆಯನ್ನು ಮಕ್ಕಳು ನಿಮಿಷಕ್ಕೊಮ್ಮೆ ತೆಗೆಯುತ್ತಾರೆ, ಅದರಲ್ಲಿ ಊಟ ಇಟ್ಟರೆ ಕೆಟ್ಟಿತು. ಊಟದ ಪೆಟ್ಟಿಗೆಯ ತಳದಲ್ಲಿ ಮೊಸರನ್ನ, ಅದರ ಸುತ್ತ ಹೆಪ್ಪುಗಟ್ಟಿದ ಬಾಟಲಿಗಳು, ಮೇಲೆ ಚಿಕನ್, ಎಲ್ಲಕ್ಕಿಂತ ಮೇಲೆ ಕೋಸಂಬರಿ ಡಬ್ಬಿಗಳು. ಕೊನೆಗೆ ತೆಗೆಯುವುದು ಮೊದಲು ಒಳಗೆ ಹೋಗಬೇಕು. ಒಳಗೆ ಹತ್ತು ಡಾಲರಿನೊಳಗೆ ಸಿಗುವ ಫ್ರಿಡ್ಜ್ ಥರ್ಮಾಮೀಟರ್ ಒಂದು.

ಹಾಲು ಕೊನೆಗೆ. ಫ್ಲಾಸ್ಕಿಗೆ ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಉಕ್ಕಿಸಿದ ಹಾಲು.

ಲಾಟ್‌ನಲ್ಲಿ

ಐ-94 ಹೆದ್ದಾರಿಯಿಂದ ಆನ್ ಆರ್ಬರ್-ಸಲೈನ್ ರಸ್ತೆಗೆ ಇಳಿಯುವಲ್ಲಿ ಎಂದಿನ ಸಾಲು. ಸ್ಟೇಡಿಯಂ ಎದುರಿನ ಪಯೊನೀರ್ ಹೈಸ್ಕೂಲಿನ ಜಾಗದಲ್ಲಿ ಎಂಟೂವರೆ ಹೊತ್ತಿಗೆ ನೆಲೆಯೂರಿದೆವು. ಸುತ್ತ ಹಳದಿ-ನೀಲಿ ಬಾವುಟಗಳು. ಯಾರದೋ ಸ್ಪೀಕರಿನಲ್ಲಿ ಬ್ಯಾಂಡ್ ಸದ್ದು.

ಎರಡು ಬರ್ನರಿನ ಕ್ಯಾಂಪ್ ಒಲೆ ಹಚ್ಚಿ ಚಿಲಿ ಪಾತ್ರೆ ಏರಿಸಿದೆ. ಥರ್ಮಾಮೀಟರ್ 180ರ ಹತ್ತಿರ ತೋರಿಸಿತು. ಸಣ್ಣ ಉರಿ ಸಾಕಾಯಿತು. ರೋಲ್‌ಗಳು ಪೆಟ್ಟಿಗೆಯಲ್ಲೇ ಉಳಿದವು, ಬಂದವರು ಕೈಹಾಕಿ ತೆಗೆದುಕೊಂಡರು. ಹತ್ತು ಗಂಟೆಯೊಳಗೆ ಖಾಲಿ. ಆಲೂದೇ ಮೊದಲು ಮುಗಿಯಿತು. ಮಾಂಸ ತಿನ್ನುವವರೂ ಅದನ್ನೇ ಎತ್ತಿಕೊಂಡರು. ಮುಂದಿನ ಸಲ ಹದಿನಾರು ಆಲೂ, ಎಂಟು ಮೊಟ್ಟೆ.

ಗ್ರಿಲ್ ಗ್ಯಾಸಿನದು. ಇದ್ದಿಲಿನ ರುಚಿ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಹನ್ನೊಂದೂಕಾಲಿಗೆ ಗೇಟಿಗೆ ಹೊರಡಬೇಕಾದವನು ಕೆಂಡ ಆರುವವರೆಗೆ ಕಾಯುವ ಹಾಗಿಲ್ಲ, ಉರಿಯುವ ಕೆಂಡ ಬಿಟ್ಟು ಹೋಗುವ ಹಾಗೂ ಇಲ್ಲ. ಚಿಕನ್ ತುಂಡು ತುಂಡಾಗಿ ಹಾಕಿ, ಎರಡೂ ಕಡೆ ಬಣ್ಣ ಬಂದ ಮೇಲೆ ಒಂದನ್ನು ಅಳೆದು ತೆಗೆದೆ. ಪಕ್ಕದಲ್ಲಿ ಮಿಶಿಗನ್ನಿನ ಸಿಹಿ ಜೋಳ, ಅರ್ಧರ್ಧ ಮುರಿದದ್ದು. ಈ ಸೀಸನ್ನಿನ ಕೊನೆಯ ಜೋಳ ಇರಬೇಕು. ನಿಂಬೆಹೋಳನ್ನು ಉಪ್ಪು-ಖಾರಕ್ಕೆ ಅದ್ದಿ ಉಜ್ಜಿಕೊಟ್ಟರೆ ಆಫೀಸಿನವರು ಕಣ್ಣರಳಿಸಿದರು. ಇಲ್ಲಿ ಬೆಣ್ಣೆ ಸವರಿಯೇ ತಿನ್ನುವ ರೂಢಿ. ಪಕ್ಕದ ಪಿಕಪ್ಪಿನವರು ಬಿಯರಿನಲ್ಲಿ ಬೇಯಿಸಿ ಸುಟ್ಟ ಬ್ರಾಟ್‌ವರ್ಸ್ಟ್ ತಂದುಕೊಟ್ಟು, ಬದಲಿಗೆ ಕೋಡುಬಳೆ ಡಬ್ಬಿಯ ಪಕ್ಕವೇ ನಿಂತುಬಿಟ್ಟರು. ಅತ್ತೆ ಮಾಡಿದ್ದು ಅಂತ ಹೇಳಿ, ಅವರನ್ನೇ ತೋರಿಸಿದೆ. ಅಲ್ಲಿಗೆ ಪುಳಿಯೋಗರೆಯ ಮುನಿಸು ಮುಗಿಯಿತು.

ಕೈ ತೊಳೆಯಲು ನಲ್ಲಿ ಇರುವ ನೀರಿನ ಕ್ಯಾನ್, ಮೇಜಿನ ಕಾಲಿಗೆ ಕಟ್ಟಿದ ಕಸದ ಚೀಲ, ಒಂದು ಹೆಚ್ಚುವರಿ ಗ್ಯಾಸ್ ಸಿಲಿಂಡರ್. ಇವು ಮೂರು ಇದ್ದರೆ ಬೇರೆ ಏನು ಮರೆತರೂ ನಡೆಯುತ್ತದೆ.

ಆಟದ ನಂತರ

ಆಟ ಮೂರೂವರೆ ಗಂಟೆ ಹತ್ತಿರ ಹಿಡಿಯುತ್ತದೆ. ಹೊರಗಿನ ತಿಂಡಿಯನ್ನು ಸ್ಟೇಡಿಯಂ ಒಳಗೆ ಬಿಡುವುದಿಲ್ಲ. ಹಾಗಾಗಿ ಉಳಿದದ್ದೆಲ್ಲ ಬಿಸಿಲಲ್ಲಿ ನಿಂತ ಕಾರಿನಲ್ಲಿ. ಹೊರಡುವ ಮುಂಚೆ ಯಾವುದು ಉಳಿಯಬೇಕು, ಯಾವುದು ಕಸಕ್ಕೆ ಅಂತ ತೀರ್ಮಾನಿಸಿದೆ. ಗ್ರಿಲ್ ಮಾಡಿದ ಚಿಕನ್ ಎರಡು ತುಂಡು ಇತ್ತು, ಚೆಲ್ಲಿದೆ. ಕೋಸಂಬರಿ ಒಂದು ಹಿಡಿ, ಅದೂ ಹೋಯಿತು. ಚಿಲಿ ಅರ್ಧ ಲೀಟರ್ ಮಿಕ್ಕಿತ್ತು. ಅಷ್ಟು ಕಡಿಮೆ ಪದಾರ್ಥ ಪೆಟ್ಟಿಗೆಯಲ್ಲಿ ಬಿಸಿ ಹಿಡಿಯುವುದಿಲ್ಲ, ಪಿಕಪ್ಪಿನವರಿಗೆ ಕೊಟ್ಟೆ, ನಿಂತಲ್ಲೇ ಮುಗಿಸಿದರು. ತಂಪು ಪೆಟ್ಟಿಗೆಯನ್ನು ಹೊದಿಕೆ ಸುತ್ತಿ ಸೀಟಿನ ಕೆಳಗೆ ನೆರಳಿಗೆ ತಳ್ಳಿದೆ.

ನಾಲ್ಕು ಗಂಟೆಗೆ ಬಂದು ನೋಡಿದರೆ ಒಳಗೆ 38 ಫ್ಯಾರನ್‌ಹೀಟ್, ಬಾಟಲಿಗಳಲ್ಲಿ ಇನ್ನೂ ಐಸ್. ರಸ್ತೆಯಲ್ಲಿ ಕಾರುಗಳು ಅಲ್ಲಾಡುತ್ತಿರಲಿಲ್ಲ. ಮೊಸರನ್ನ, ಉಪ್ಪಿನಕಾಯಿ, ನಿಪ್ಪಟ್ಟು ತಿನ್ನುತ್ತಾ ಲಾಟ್ ಖಾಲಿಯಾಗುವವರೆಗೆ ಕೂತೆವು.

ಒಹಾಯೊ ಸ್ಟೇಟ್ ಯೂನಿವರ್ಸಿಟಿ ಜೊತೆಗಿನ ಆಟ ನವೆಂಬರ್ ಕೊನೆಗೆ. ಆಗ ಹೊರಗೇ ಫ್ರಿಡ್ಜಿನಷ್ಟು ಚಳಿ ಇರುತ್ತದೆ. ಮೊಸರನ್ನ, ಕೋಸಂಬರಿ ತೆಗೆದುಹಾಕಿ, ಚಿಲಿ ಪಾತ್ರೆಯ ಪಕ್ಕ ಬಿಸಿಬೇಳೆಬಾತಿನ ಪಾತ್ರೆ ಇಡುವ ಯೋಚನೆ ಇದೆ. ಬಿಸಿ ಪೆಟ್ಟಿಗೆಯಲ್ಲಿ 140ರ ಮೇಲೆಯೇ ಇರುವುದರಿಂದ ಅನ್ನದ ಭಯ ಇಲ್ಲ. ಅದು ಕೂತಷ್ಟೂ ಗಟ್ಟಿಯಾಗುತ್ತದೆ, ಸಡಿಲಿಸಲು ಬಿಸಿನೀರಿನ ಫ್ಲಾಸ್ಕ್ ಒಂದು ಜೊತೆಗೆ ಬೇಕು. ಎರಡು ಪಾತ್ರೆ 45 ಲೀಟರಿನಲ್ಲಿ ಹಿಡಿಯುವುದಿಲ್ಲ. ಇನ್ನೊಂದು ಹಳೆ ಕೂಲರ್ ಹುಡುಕುತ್ತಿದ್ದೇನೆ, ಮುಚ್ಚಳ ಟೊಳ್ಳಿದ್ದರೂ ಪರವಾಗಿಲ್ಲ.